ಆಳಿನ ಕೋಣೆ: ಮನೆಯಲ್ಲೇ ಉಳಿದು ದುಡಿಯುವವರನ್ನು ಕರೆತರುವ ಮುನ್ನ ಕೆಲವು ಟಿಪ್ಪಣಿಗಳು

ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಮನೆಗೆಲಸದವರನ್ನು ಗೊತ್ತು ಮಾಡಿಕೊಳ್ಳುವ ಲೇಖನಕ್ಕೆ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ಕೇಳಲಿ. ನಾವು ಪಠ್ಯಗಳನ್ನು ಒಡೆದು ನೋಡುವುದನ್ನು ಕಲಿತಿದ್ದೇವೆ. ಕಾದಂಬರಿಯಲ್ಲಿ ಯಾರು ಮಾತಾಡ್ತಾರೆ, ಯಾರು ಸುಮ್ಮನಿರ್ತಾರೆ, ಯಾರಿಗೆ ಹೆಸರಿದೆ, ಯಾರು ಬರೀ 'ಕೆಲಸದವಳು' ಆಗಿ ಬಂದು ಕಸ ಗುಡಿಸಿ ಹೋಗ್ತಾರೆ ಅಂತ ಲೆಕ್ಕ ಹಾಕುತ್ತೇವೆ. ವಿಚಾರಸಂಕಿರಣ ಮುಗಿಸಿ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ, ಅದೇ ಪ್ರಶ್ನೆಗಳನ್ನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವುದು ಕಡಿಮೆ.

ಕನ್ನಡ ನವ್ಯ ಕಥೆಗಳ ಮನೆಗಳನ್ನೇ ನೋಡಿ. ನಡುಮನೆ, ದೇವರ ಕೋಣೆ, ಮಹಡಿ, ಕಿಟಕಿ. ನಾಯಕನ ತಳಮಳಕ್ಕೆ ಬೇಕಾದಷ್ಟು ಜಾಗ ಇದೆ. ಮುಸುರೆ ತಿಕ್ಕುವವಳಿಗೆ ಹಿತ್ತಲು. ದಲಿತ ಸಾಹಿತ್ಯ ಬಂದು ಹೊಲ, ಕೇರಿ, ಬಾವಿಕಟ್ಟೆ, ಹಾಸ್ಟೆಲ್ಲು, ಹೋಟೆಲಿನ ಬೇರೆ ಲೋಟಗಳನ್ನು ಚರ್ಚೆಯ ನಡುವೆ ತಂದಿಟ್ಟಿತು. ಆದರೆ ಪಟ್ಟಣದ ಮನೆಯೊಂದರಲ್ಲಿ, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ನೆಲದಲ್ಲಿ ಚಾಪೆ ಹಾಸಿಕೊಳ್ಳುವ ಹೆಂಗಸು ಅಲ್ಲೂ ಹೆಚ್ಚು ಕಾಣಿಸಲಿಲ್ಲ ಎನ್ನುವುದು ನನ್ನ ಓದು.

ಈಗ ಅವಳನ್ನು ಕಾಣಲೇಬೇಕಾದ ಕಾಲ ಬಂದಿದೆ. ಈ ಪತ್ರಿಕೆ ಓದುವವರಲ್ಲಿ ಅನೇಕರು ತಮ್ಮ ವಂಶದಲ್ಲಿ ಮೊದಲ ಸಂಬಳ ಎಣಿಸಿದವರು. ಗಂಡ ಹೆಂಡತಿ ಇಬ್ಬರಿಗೂ ನೌಕರಿ, ಮನೆಯಲ್ಲಿ ಹಸುಗೂಸು ಅಥವಾ ಹಾಸಿಗೆ ಹಿಡಿದ ಹಿರಿಯರು. 'ಮನೇಲೇ ಇರೋ ಥರ ಯಾರಾದ್ರೂ ಸಿಗ್ತಾರಾ?' ಎಂಬ ಮಾತು ನಮ್ಮ ಸಭೆಗಳ ಚಹಾ ವಿರಾಮದಲ್ಲೂ ಕೇಳುತ್ತೆ. ನಾನೂ ಕೇಳಿದವಳೇ. ನನ್ನ ಅವ್ವ ಮೂರು ಮನೆಗಳಲ್ಲಿ ಪಾತ್ರೆ ತೊಳೆದು ನನ್ನನ್ನು ಎಂ.ಎ. ತನಕ ಓದಿಸಿದವಳು. ಅವಳಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದಾಗ ನಾನು ಆಳು ನೋಡಬೇಕಾಯಿತು. 'ನಾನೇ ಆಳಾಗಿದ್ದೋಳು, ನಂಗೊಬ್ಳು ಆಳಾ?' ಅಂದಳು ಅವ್ವ. ಆ ಪ್ರಶ್ನೆಗೆ ಉತ್ತರವಾಗಿ ಮಾಡಿಕೊಂಡ ಟಿಪ್ಪಣಿಗಳು ಇವು.

ಮೊದಲು ಭಾಷೆ. ಕನ್ನಡದಲ್ಲಿ ಕೆಲಸಕ್ಕೆ 'ಇಟ್ಟುಕೊಳ್ಳು'ತ್ತೇವೆ. ಪಾತ್ರೆಯನ್ನು ಇಟ್ಟುಕೊಳ್ಳುವ ಹಾಗೆ, ದನ ಇಟ್ಟುಕೊಳ್ಳುವ ಹಾಗೆ. 'ಇಟ್ಟುಕೊಂಡವಳು' ಎಂದರೆ ಇನ್ನೊಂದು ಅರ್ಥವೂ ಬರುತ್ತೆ, ಅದು ಆಕಸ್ಮಿಕ ಅಲ್ಲ. ರಾತ್ರಿ ಹಗಲು ಮನೆಯಲ್ಲೇ ಇದ್ದರೂ ಅವಳು 'ಮನೆಯವರು' ಆಗುವುದಿಲ್ಲ. ಗಾದೆಗಳೂ ಯಜಮಾನರ ಕಡೆಯವೇ. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅಂತಾರೆ. ಹಾಗಿದ್ದರೆ ಸಾವಿರ ವರ್ಷ ಈ ನಾಡಿನ ಗದ್ದೆ ಉತ್ತವರು ಯಾರಪ್ಪ? ಉಂಡ ಮನೆಯ ಜಂತೆ ಎಣಿಸಬಾರದು ಅನ್ನೋದು ಉಣ್ಣಿಸಿದವರು ಕಟ್ಟಿದ ಗಾದೆ. ದುಡಿದದ್ದರ ಕೂಲಿಯನ್ನು ಋಣ ಅಂತ ತಿರುಗಿಸಿ ಹೇಳುವ ಜಾಣತನ ಅದರಲ್ಲಿದೆ. ಇವುಗಳ ಆಧುನಿಕ ರೂಪ 'ನಮ್ಮ ಮನೆ ಮಗಳ ಥರ ನೋಡ್ಕೋತೀವಿ' ಎನ್ನುವುದು. 2005ರ ತಿದ್ದುಪಡಿಯಾದ ಮೇಲೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲಿದೆ. ಮಗಳ ಥರದವಳಿಗೆ ಏನಿದೆ? ಮಗಳಂತೆ ಬೇಡ, ಕೆಲಸಗಾರಳಂತೆ ನೋಡಿಕೊಂಡರೆ ಸಾಕು. ಮಗಳ ಸ್ಥಾನಕ್ಕೆ ರಜೆ ಇಲ್ಲ, ಸಂಬಳದ ಲೆಕ್ಕ ಇಲ್ಲ, ಬಿಟ್ಟು ಹೋಗುವ ಸ್ವಾತಂತ್ರ್ಯವಂತೂ ಇಲ್ಲವೇ ಇಲ್ಲ.

ಬಹುವಚನದ ಮಾತು ಇದಕ್ಕೆ ಸೇರಿದ್ದೇ. ಅವರು ಬರುವ ಹಿಂದಿನ ದಿನವೇ ಮನೆಯ ಮಕ್ಕಳಿಗೆ ಹೇಳಿಡಬೇಕು: ಹೆಸರು ಹಿಡಿದು 'ಬಾರೇ ಹೋಗೇ' ಅನ್ನುವ ಹಾಗಿಲ್ಲ. ವಯಸ್ಸಿಗೆ ತಕ್ಕ ಹಾಗೆ ಅಕ್ಕ, ಚಿಕ್ಕಮ್ಮ, ಇಲ್ಲವೇ ಅವರೇ ಹೇಳಿದ ಹಾಗೆ. ನಮ್ಮ ಪ್ರಗತಿಪರ ಗೆಳೆಯರೊಬ್ಬರು ಆಟೋದವರಿಗೆ ಬಹುವಚನ, ಮನೆಯ ಕೆಲಸದವರಿಗೆ ಏಕವಚನ ಬಳಸುವುದನ್ನು ಕೇಳಿದ್ದೇನೆ. ಕೇಳಿದರೆ 'ಸಲುಗೆ' ಅಂದರು. ಸಲುಗೆ ಎರಡೂ ಕಡೆಯಿಂದ ಬರಬೇಕಲ್ಲ.

ಎರಡನೆಯದು, ನಿಜವಾಗಿಯೂ ಮನೆಯಲ್ಲೇ ಉಳಿಯುವವರು ಬೇಕಾ ಎನ್ನುವುದು. ನಾನು ಕಾಗದದ ಮೇಲೆ ವೇಳಾಪಟ್ಟಿ ಹಾಕಿದೆ. ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ಮಧ್ಯಾಹ್ನ ಹನ್ನೆರಡರಿಂದ ಎರಡೂವರೆ, ಸಂಜೆ ಐದರಿಂದ ಏಳೂವರೆ. ಕೂಡಿದರೆ ಎಂಟು ಗಂಟೆ, ಲೆಕ್ಕ ಸರಿ. ಆದರೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ ನಾವಿಬ್ಬರೂ ಕಾಲೇಜಿನಲ್ಲಿರುವಾಗ, ಏಳಲಾರದ ಅವ್ವ ಒಬ್ಬಳೇ ಇರುವಾಗ, ಆ ಹೆಂಗಸು 'ಬಿಡುವಾಗಿ' ಇರುವುದು ಹೇಗೆ? ಅಂಗಡಿಗೆ ಹೋಗಿ ಬರೋಕೂ ಆಗಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್ 16ರಂದು ಜಿನೀವಾದಲ್ಲಿ ಮನೆಗೆಲಸಗಾರರಿಗಾಗಿ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಕರೆದರೆ ಓಗೊಡಲು ಸಿದ್ಧವಾಗಿ ಕೂತಿರುವ ಹೊತ್ತನ್ನೂ ದುಡಿಮೆಯ ಹೊತ್ತು ಎಂದೇ ಅದು ನೋಡುತ್ತದೆ. ವಾರಕ್ಕೆ ಕನಿಷ್ಠ ಸತತ 24 ಗಂಟೆ ಬಿಡುವು ಕೊಡಬೇಕು, ಆ ಬಿಡುವಿನಲ್ಲಿ ಮನೆಯಲ್ಲೇ ಇರು ಎಂದು ಹೇಳುವಂತಿಲ್ಲ ಎನ್ನುತ್ತದೆ. ಭಾರತ ಇದನ್ನು ಇನ್ನೂ ಸ್ಥಿರೀಕರಿಸಿಲ್ಲ. ಆದರೆ ಒಂದು ಮನೆ ಅದನ್ನು ಪಾಲಿಸಲು ದೆಹಲಿಯ ಸಹಿಗೆ ಕಾಯಬೇಕಾಗಿಲ್ಲ.

ಹಾಗಾಗಿ ನನ್ನ ಮೊದಲ ಪಟ್ಟಿ ಹರಿದು ಇನ್ನೊಂದು ಬರೆದೆವು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅವರ ಕೆಲಸ. ಅದಕ್ಕೆ ಮುಂಚೆ, ಅದಾದ ಮೇಲೆ, ರಾತ್ರಿ ಅವ್ವ ಎದ್ದರೆ, ಭಾನುವಾರ ಪೂರ್ತಿ ನನ್ನ, ನನ್ನ ಗಂಡನ ಸರದಿ. ಹಾಗಾದರೆ ಬಂದು ಹೋಗುವ ಕೆಲಸವೇ ಆಯಿತಲ್ಲ, ಮನೆಯಲ್ಲಿ ಉಳಿಯುವುದು ಯಾಕೆ? ಯಾಕೆಂದರೆ ಹಳ್ಳಿಯಿಂದ ಬರುವ ಒಂಟಿ ಹೆಂಗಸಿಗೆ ಪಟ್ಟಣದಲ್ಲಿ ಮನೆ ಇಲ್ಲ. ಉಳಿಯುವ ಗರಜು ನಮಗಿಂತ ಹೆಚ್ಚಾಗಿ ಅವರದು. ಇದನ್ನು ಅರ್ಥ ಮಾಡಿಕೊಂಡರೆ 'ಇಲ್ಲೇ ಇದ್ದೀಯಲ್ಲ, ಒಂದು ಲೋಟ ಕಾಫಿ ಮಾಡು' ಎಂದು ರಾತ್ರಿ ಹತ್ತಕ್ಕೆ ಕರೆಯುವ ಬಾಯಿ ತಾನಾಗಿ ಮುಚ್ಚುತ್ತೆ. ಅನ್ನ, ಸೂರು ಕೊಟ್ಟಿದ್ದೇವೆ ಅಂತ ಸಂಬಳದಲ್ಲಿ ಮುರಿದುಕೊಳ್ಳುವುದೂ ಸಲ್ಲದು.

ಇನ್ನು ಕೋಣೆ. ನಮ್ಮ ಕಡೆ ಮನೆ ಕಟ್ಟುವವರು ವಾಸ್ತುವಿಗಾಗಿ ಅಡುಗೆಮನೆ ಒಡೆದು ಮತ್ತೆ ಕಟ್ಟುತ್ತಾರೆ, ದೇವರಿಗೆ ಈಶಾನ್ಯ ಬಿಡುತ್ತಾರೆ, ಕಾರಿಗೆ ಜಾಗ ಬಿಡುತ್ತಾರೆ. ದುಡಿಯುವವರಿಗೆ ಎಲ್ಲಿ ಅಂದರೆ ಅಟ್ಟದ ಕೆಳಗೆ, ಹಾಲಿನಲ್ಲಿ, ಬಟ್ಟೆ ಒಣಹಾಕುವ ಕಡೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೆಲಸದವರಿಗೆ ಬೇರೆ ಲಿಫ್ಟು. ಊರ ಹೊರಗಿನ ಕೇರಿಯನ್ನು ಮೇಲಕ್ಕೂ ಕೆಳಕ್ಕೂ ಓಡಾಡುವಂತೆ ಮಾಡಿದ್ದಾರೆ, ಅಷ್ಟೇ. 189ನೇ ಒಡಂಬಡಿಕೆಯ ಜೊತೆ ಬಂದ 201ನೇ ಶಿಫಾರಸಿನಲ್ಲಿ ಒಂದು ಸಣ್ಣ ವಿವರ ಇದೆ. ಗಾಳಿ ಬೆಳಕಿರುವ ಪ್ರತ್ಯೇಕ ಕೋಣೆ, ಅದಕ್ಕೆ ಬೀಗ, ಆ ಬೀಗದ ಕೈ ಕೆಲಸಗಾರರ ಹತ್ತಿರ. ಇಡೀ ದಸ್ತಾವೇಜಿನಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಆ ಬೀಗದ ಕೈ. ಒಳಗಿಂದ ಚಿಲಕ ಹಾಕಿಕೊಳ್ಳಲು ಆಗದ ಕೋಣೆ ಕೋಣೆಯಲ್ಲ, ಉಗ್ರಾಣ. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಪುಸ್ತಕದ ಕಪಾಟುಗಳನ್ನು ಹಾಲಿಗೆ ತಂದು ಓದುವ ಕೋಣೆ ಖಾಲಿ ಮಾಡಿದೆವು. ನನ್ನ ಗಂಡನಿಗೆ ಬೇಜಾರಾಯಿತು. ಆಗಲಿ, ವಿಮರ್ಶೆಯನ್ನು ಹಾಲಿನಲ್ಲಿ ಕೂತೂ ಬರೆಯಬಹುದು.

ಕೋಣೆ ಇದ್ದರೆ ಏನಾಗುತ್ತೆ ಎನ್ನುವುದಕ್ಕೆ ಬೇಬಿ ಹಾಲ್ದಾರ್ ಸಾಕ್ಷಿ. ದೆಹಲಿ ಪಕ್ಕದ ಗುರ್‌ಗಾಂವ್‌ನಲ್ಲಿ ಮನೆಗೆಲಸ ಮಾಡುತ್ತಿದ್ದ ಈ ಬಂಗಾಳಿ ಹೆಂಗಸು ಬರೆದ ಆತ್ಮಕಥೆ 'ಆಲೋ ಆಂಧಾರಿ' 2002ರಲ್ಲಿ ಹಿಂದಿಯಲ್ಲಿ ಬಂತು. ಯಜಮಾನರಾಗಿದ್ದ ಪ್ರಬೋಧ್ ಕುಮಾರ್ ನಿವೃತ್ತ ಪ್ರಾಧ್ಯಾಪಕರು, ಪ್ರೇಮಚಂದರ ಮೊಮ್ಮಗ. ಅವರೇ ನೋಟುಪುಸ್ತಕ ಕೊಟ್ಟದ್ದು, ಅವರೇ ಬಂಗಾಳಿಯಿಂದ ಹಿಂದಿಗೆ ತಂದದ್ದು. ಈ ಕಥೆಯನ್ನು ಯಜಮಾನರ ದೊಡ್ಡತನದ ಕಥೆಯಾಗಿ ಹೇಳುವವರೇ ಹೆಚ್ಚು. ನಾನು ಓದುವುದು ಬೇರೆ ಥರ: ದಿನದ ಕೆಲಸ ಮುಗಿದ ಮೇಲೆ ಆಕೆಗೆ ತನ್ನದೇ ಆದ ಹೊತ್ತು ಸಿಕ್ಕಿತು, ಬರೆದಳು. ಎಷ್ಟು ಮನೆಗಳ ಅಡುಗೆಮನೆ ನೆಲದ ಮೇಲೆ ಎಷ್ಟು ಪುಸ್ತಕಗಳು ನಿದ್ದೆಗೆಟ್ಟು ಸತ್ತಿವೆಯೋ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಮಲಮೂತ್ರ ಎತ್ತುವ ಕೆಲಸ ಇರುತ್ತೆ. ಯಾರ ಕೈ ಅದು? ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಹೇಳುವ ಒಂದು ಘಟನೆ ಇದೆ. 1898ರ ಸುಮಾರು, ಡರ್ಬನ್ನಿನ ಮನೆ. ಜೊತೆಗಿದ್ದ ಗುಮಾಸ್ತರಲ್ಲಿ ಒಬ್ಬ ಪಂಚಮ ತಂದೆತಾಯಿಯ ಮಗ, ಕ್ರೈಸ್ತ. ಕೋಣೆಗಳಲ್ಲಿ ಮೂತ್ರದ ಪಾತ್ರೆಗಳಿರುತ್ತಿದ್ದವು. ಭಂಗಿಯನ್ನೋ ಆಳನ್ನೋ ಕರೆಯದೆ ಗಂಡಹೆಂಡತಿಯೇ ತೊಳೆಯುವುದು ಅವರ ವ್ರತ. ಉಳಿದವರ ಪಾತ್ರೆ ಎತ್ತಿದ ಕಸ್ತೂರಬಾ ಈ ಹುಡುಗನದನ್ನು ಎತ್ತುವಾಗ ಅಳುತ್ತಾರೆ. ಎತ್ತಿದರೆ ಸಾಲದು, ನಗುನಗುತ್ತಾ ಎತ್ತಬೇಕು ಎಂದು ಗಾಂಧಿ ಹಠ. ಕೊನೆಗೆ ಹೆಂಡತಿಯ ಕೈ ಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋಗುತ್ತಾರೆ. ಇದನ್ನು ಬರೆದು ಒಪ್ಪಿಕೊಂಡಿರುವುದು ಅವರ ದೊಡ್ಡತನವೇ. ಆದರೆ ದಲಿತ ವಿಮರ್ಶೆ ಇಲ್ಲಿ ಎರಡು ಸಂಗತಿ ನೋಡಬೇಕು. ಗಂಡನ ಆದರ್ಶಕ್ಕೆ ಹೆಂಡತಿಯ ಕೈ ಬೇಕಾಯಿತು. ಮತ್ತೆ, ಆ ಪಂಚಮ ಗುಮಾಸ್ತ ಇಡೀ ಕಥೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಅವನ ಪಾತ್ರೆಯ ಸುತ್ತ ಗಂಡ ಹೆಂಡಿರ ಧರ್ಮಸಂಕಟ ನಡೆಯುತ್ತೆ. ಅದನ್ನು ಕೇಳಿಸಿಕೊಳ್ಳುತ್ತಾ ಅವನು ಪಕ್ಕದ ಕೋಣೆಯಲ್ಲಿದ್ದನೋ ಏನೋ, ಅದನ್ನು ಯಾರೂ ಕೇಳಿಲ್ಲ.

ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್' ಪುಸ್ತಕದಲ್ಲಿ ಗಾಂಧಿಯ ಆತ್ಮಶುದ್ಧಿಯ ಮಾದರಿ, ಅಂಬೇಡ್ಕರರ ಸ್ವಾಭಿಮಾನದ ಮಾದರಿ ಎರಡನ್ನೂ ಮುಖಾಮುಖಿ ಮಾಡಿದರು. ಮನೆಗೆಲಸದವರನ್ನು 'ಸ್ವಾಗತಿಸುವ' ಒಳ್ಳೆಯ ಮನಸ್ಸಿನವರು ಸಾಮಾನ್ಯವಾಗಿ ಮೊದಲನೆಯದರಲ್ಲಿ ಸಿಕ್ಕಿಬೀಳುತ್ತಾರೆ. ಜೊತೆಗೆ ಕೂರಿಸಿ ಊಟ ಹಾಕಿದೆವು, ಹಬ್ಬಕ್ಕೆ ಸೀರೆ ಕೊಟ್ಟೆವು ಅಂತ ತಮ್ಮೊಳಗೇ ಹಗುರಾಗ್ತಾರೆ. ಸಂಬಳ ಏರಿಸಿ ಅಂದರೆ ಮುಖ ಕಪ್ಪಿಡುತ್ತೆ. ಬಂದವರಿಗೆ ಬೇಕಾದದ್ದು ನಮ್ಮ ಶುದ್ಧಿ ಅಲ್ಲ.

ಮಲಮೂತ್ರದ ವಿಷಯಕ್ಕೆ ನಾವು ಮಾಡಿಕೊಂಡ ಕ್ರಮ ಹೇಳುತ್ತೇನೆ. ಒಂದು, ಮಾತುಕತೆಯ ದಿನವೇ ಬಿಚ್ಚಿ ಹೇಳುವುದು. 'ವಯಸ್ಸಾದವರನ್ನ ಸ್ವಲ್ಪ ನೋಡ್ಕೊಳ್ಳೋದು' ಅಂತ ತೇಲಿಸಿ, ಬಂದ ಮೇಲೆ ಬೆಡ್‌ಪ್ಯಾನ್ ಕೈಗೆ ಕೊಡುವುದು ಮೋಸ. ಈ ಕೆಲಸಕ್ಕೆ ಕೈಗವಸು, ಸೋಪು, ಹೆಚ್ಚಿನ ಸಂಬಳ. ನಾವು ಮನೆಯಲ್ಲಿರುವಾಗ ಅದು ನಮ್ಮ ಕೆಲಸ, ಗಂಡಸಿನ ಕೆಲಸವೂ ಹೌದು. ಉಳಿದಂತೆ ಕಕ್ಕಸು ತೊಳೆಯುವುದು ಬಳಸುವವರ ಸರದಿ. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಹೊರಟರು. ತಲೆಯಿಂದ ಇಳಿಯಿತು. ಕಕ್ಕಸಿನ ಬ್ರಷ್ಷಿಗೆ ಮಾತ್ರ ಇನ್ನೂ ಜಾತಿ ಇದೆ. ಅಡುಗೆಗೆ ಒಂದು ಜಾತಿ, ಪಾತ್ರೆಗೆ ಒಂದು, ಕಸಕ್ಕೆ ಒಂದು, ಕಕ್ಕಸಿಗೆ ಇನ್ನೊಂದು. ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆಯನ್ನು ತಿಳಿಯಲು ಮನುಸ್ಮೃತಿಗೆ ಹೋಗಬೇಕಾಗಿಲ್ಲ, ಬಡಾವಣೆಯೊಂದರಲ್ಲಿ ಬೆಳಗ್ಗೆ ಎಂಟಕ್ಕೆ ನಿಂತರೆ ಸಾಕು. 'ಸಸ್ಯಾಹಾರಿ ಅಡುಗೆಯವರು ಬೇಕು' ಎಂಬ ಜಾಹೀರಾತು ಯಾವ ಜಾತಿ ಬೇಕು ಅಂತ ಬಾಯಿಬಿಟ್ಟು ಹೇಳದೆಯೂ ಹೇಳುತ್ತೆ.

ಈ ಶ್ರೇಣಿ ನಮ್ಮ ಮನೆಗೂ ಬಂತು, ತಲೆಕೆಳಗಾಗಿ. ಮೊದಲು ಬಂದವರು ಹಾಲಿನಲ್ಲಿದ್ದ ಬಾಬಾಸಾಹೇಬರ ಪಟ ನೋಡಿದರು, ನೀರು ಬೇಡ ಅಂದರು, 'ನಾಳೆ ಬಂದು ಹೇಳ್ತೀನಿ' ಅಂದರು. ನಾಳೆ ಬರಲಿಲ್ಲ. ಎರಡನೆಯವರು ನೇರವಾಗಿ 'ನೀವು ಯಾವ ಜನ?' ಅಂತ ಕೇಳಿದರು, ಹೇಳಿದೆವು. 'ಕೆಲಸ ಮಾಡ್ತೀನಿ, ನನ್ ತಟ್ಟೆ ಲೋಟ ನಾನೇ ತಂದ್ಕತೀನಿ, ಬ್ಯಾರೆ ಇಟ್ಕತೀನಿ' ಅಂದರು. ಸಂಬಳ ಸಾಕಾಗಿತ್ತು, ಅವರಿಗೆ ಗರಜೂ ಇತ್ತು. ಒಪ್ಪಿಬಿಡೋಣ, ಬಡವರು ಅನ್ನಿಸಿತು. ಹಾಸಿಗೆಯಿಂದ ಅವ್ವ ಹೇಳಿದಳು: 'ಅವ್ರ ಮನೇಲಿ ನನ್ ಲೋಟ ಗೋಡೆಗೂಡಲ್ಲಿತ್ತು. ನನ್ ಮನೇಲೂ ಗೂಡು ಮಾಡಬ್ಯಾಡಿ.' ತಟ್ಟೆ ಬೇರೆ ಇಡುವುದಿಲ್ಲ ಎಂದು ಹೇಳಿದೆವು, ಅವರು ಹೋದರು. ಹೋಗುವುದು ಅವರ ಹಕ್ಕು. ಆದರೆ ಬಡತನ ಜಾತಿಯನ್ನು ಕರಗಿಸುತ್ತೆ ಎಂದು ನಂಬಿರುವ ನಮ್ಮ ಎಡಪಂಥೀಯ ಗೆಳೆಯರು ಒಮ್ಮೆ ನಮ್ಮ ಮನೆಗೆ ಆಳು ಹುಡುಕಿಕೊಡಲಿ ಅಂತ ಅನ್ನಿಸಿದ್ದು ಸುಳ್ಳಲ್ಲ. 1917ರಲ್ಲಿ ಬರೋಡಾದಲ್ಲಿ ಅಂಬೇಡ್ಕರರು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದಿದ್ದರು. ಗೊತ್ತಾದಾಗ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಇಂದಿಗೂ ಕೆಲಸಕ್ಕಾಗಿ ಹೆಸರು, ಜಾತಿ, ಧರ್ಮ ಮರೆಸುವವರಿದ್ದಾರೆ. ನಾವು ಕೆಲಸ ಕೊಡುವವರಾದಾಗ ಆ ಭಯ ಬೇರೆ ವೇಷದಲ್ಲಿ ನಮ್ಮ ಹತ್ತಿರವೇ ಬರುತ್ತೆ: ಪಟ ತೆಗೆದಿಡೋಣವಾ? ತೆಗೆಯಬೇಡಿ. ಆಮೇಲೆ ಬಂದವರ ಜಾತಿ ಏನು ಅಂತ ನಾವು ಕೇಳಲಿಲ್ಲ, ಇಲ್ಲಿ ಬರೆಯುವ ಅಗತ್ಯವೂ ಇಲ್ಲ.

ಊಟದ ಬಗ್ಗೆ ಒಂದೇ ಮಾತು. ಏನು ತಿನ್ನುತ್ತೀರಿ ಅಂತ ಅವರನ್ನು ಕೇಳಿ, ನಾವು ತಿನ್ನುವುದನ್ನೂ ಹೇಳಿ. ಅವರಿಗೆ ತಂಗಳು, ನಮಗೆ ಬಿಸಿ ಅನ್ನೋ ಲೆಕ್ಕ ನಡೆಯಕೂಡದು.

ದುಡ್ಡಿನ ವಿಷಯದಲ್ಲಿ ಎಚ್ಚರ ಬೇಕಾದ್ದು ಸಂಬಳಕ್ಕಿಂತ ಮುಂಗಡದಲ್ಲಿ. ಜೀತ ಎಂದರೆ ಸಂಬಳ ಕೊಡದೆ ದುಡಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಸಾಲ ಇದೆ ಎಂಬ ಕಾರಣಕ್ಕೆ ಬಿಟ್ಟು ಹೋಗಲು ಆಗದ ಸ್ಥಿತಿ ಜೀತ. ಕಾರಂತರ ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋದದ್ದು ಸಾಲ ತೀರಿಸುವುದಕ್ಕೆ. ಆ ಕಾದಂಬರಿ ಸಿನಿಮಾ ಆದದ್ದೂ, ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಬಂದದ್ದೂ ಒಂದೇ ವರ್ಷ, 1975ರಲ್ಲಿ. ಮರುವರ್ಷ ಅದು ಕಾಯ್ದೆಯಾಯಿತು. ಮನೆಯಲ್ಲೇ ಉಳಿಯುವವರಿಗೆ ಮಗಳ ಮದುವೆಗೋ ಆಸ್ಪತ್ರೆಗೋ ಮುಂಗಡ ಕೊಟ್ಟು 'ತೀರೋವರೆಗೂ ಹೋಗಬೇಡ' ಅಂದ ಕ್ಷಣ ನಮ್ಮ ಮನೆಯಲ್ಲೇ ಜೀತ ಶುರು. ಸಾಲ ಕೊಡಬೇಡಿ ಅಂತಲ್ಲ. ಬಡ್ಡಿಯಿಲ್ಲದೆ ಕೊಡಿ, ಬರೆದಿಡಿ, ಅವರು ಒಪ್ಪಿದಷ್ಟು ಕಂತು ಹಿಡಿಯಿರಿ. ಕೆಲಸ ಬಿಡುವ ಮಾತು ಬಂದಾಗ ಸಾಲದ ಮಾತು ಎತ್ತಬೇಡಿ.

ಸಂಬಳಕ್ಕೆ 'ಈ ಏರಿಯಾದಲ್ಲಿ ಎಷ್ಟು ಕೊಡ್ತಾರೆ' ಎನ್ನುವುದು ಅಳತೆಗೋಲಲ್ಲ. ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿ ಅಧಿಸೂಚನೆ ಹೊರಡಿಸಿತು. ಈಗಿನ ದರ ಕಾರ್ಮಿಕ ಇಲಾಖೆಯಲ್ಲಿ ಕೇಳಿದರೆ ಸಿಗುತ್ತೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಿಟ್ಟಿ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಹೇಳಿದೆ. ಮನೆಗೆಲಸಗಾರರಿಗೇ ಮೀಸಲಾದ ಕೇಂದ್ರ ಕಾನೂನಿಲ್ಲದ್ದನ್ನು ಗಮನಿಸಿ, ಅದನ್ನು ಪರಿಶೀಲಿಸಲು ಸಮಿತಿ ಮಾಡಿ ಎಂದು ಅದೇ ಕೋರ್ಟು 2025ರ ಜನವರಿಯಲ್ಲಿ ಕೇಂದ್ರಕ್ಕೆ ಹೇಳಿತು. ಹಳೇ ಸೀರೆ, ಮಿಕ್ಕಿದ ಸಾರು, ಹಬ್ಬದ ಹೋಳಿಗೆ ಇವು ಸಂಬಳದ ಲೆಕ್ಕಕ್ಕೆ ಬರಬಾರದು.

ವಯಸ್ಸಿನ ವಿಷಯದಲ್ಲಿ ನಮ್ಮವರನ್ನೇ ಉದ್ದೇಶಿಸಿ ಹೇಳಬೇಕು. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಹಚ್ಚುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ; 2016ರ ತಿದ್ದುಪಡಿ ಆ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಆದರೂ ಪಟ್ಟಣದಲ್ಲಿ ನೌಕರಿ ಸಿಕ್ಕ ನಮ್ಮವರು ಊರಿನಿಂದ ಅಣ್ಣನ ಮಗಳನ್ನೋ ಚಿಕ್ಕಪ್ಪನ ಮೊಮ್ಮಗಳನ್ನೋ 'ಓದಿಸ್ತೀವಿ ಕಳಿಸಿ' ಅಂತ ಕರೆತಂದು ಮಗು ಆಡಿಸಲು ಕೂರಿಸುವುದು ಇದೆ. ಸಂಬಂಧದ ಹೆಸರಿನಲ್ಲಿ ನಡೆಯೋದ್ರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಹುಡುಗಿಗೆ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತೆ, ಬೆಂಚಿನ ಮೇಲೆ ಇರುವುದಿಲ್ಲ.

ಪೊಲೀಸ್ ಠಾಣೆಗೆ ಹೋಗಿ ಕೆಲಸದವರ ಪೂರ್ವಾಪರ ಪರಿಶೀಲಿಸಿ ಅಂತ ಬಡಾವಣೆಯ ಸಂಘಗಳು ಫಲಕ ಹಾಕುತ್ತವೆ. ನಮ್ಮ ಪೂರ್ವಾಪರ ಪರಿಶೀಲಿಸುವವರು ಯಾರು? ಅಪರಿಚಿತ ಮನೆಯಲ್ಲಿ ರಾತ್ರಿ ಕಳೆಯಬೇಕಾದವರು ಅವರು, ಭಯ ಅವರಿಗೆ ಹೆಚ್ಚು. ಅವರ ಮನೆಯವರಿಗೆ ನಮ್ಮ ವಿಳಾಸ, ಫೋನ್ ನಂಬರು, ನಾವು ಕೆಲಸ ಮಾಡುವ ಜಾಗ ಎಲ್ಲ ಕೊಡಬೇಕು; ಒಮ್ಮೆ ಬಂದು ಮನೆ, ಕೋಣೆ ನೋಡಿಕೊಂಡು ಹೋಗಲಿ. ಆಧಾರ್ ಕಾರ್ಡು, ಬ್ಯಾಂಕ್ ಪುಸ್ತಕ ಅವರ ಹತ್ತಿರವೇ ಇರಲಿ. ಫೋನೂ ಅಷ್ಟೇ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಯನ್ನೂ ಕೆಲಸದ ಸ್ಥಳ ಎಂದೇ ಹೇಳುತ್ತದೆ. ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೇಲ್ನೋಟಕ್ಕೆ ಹುರುಳಿದೆ ಅನ್ನಿಸಿದರೆ ಸಮಿತಿ ಏಳು ದಿನದೊಳಗೆ ಪೊಲೀಸರಿಗೆ ಕಳಿಸಬೇಕು. ಈ ಮಾತನ್ನು ಮನೆಯ ಗಂಡಸೇ, ಎಲ್ಲರ ಎದುರಿಗೆ, ಮೊದಲ ದಿನವೇ ಹೇಳುವುದು ಒಳ್ಳೆಯದು. ನನ್ನ ಗಂಡ ಹೇಳುವಾಗ ತೊದಲಿದ. ಅಕ್ಕ ಮಾತ್ರ ತಲೆ ಎತ್ತಿ ಕೇಳಿಸಿಕೊಂಡರು.

ಅವರು ಬಂದ ದಿನ ಆರತಿ ಗೀರತಿ ಏನೂ ಮಾಡಲಿಲ್ಲ. ಮುಂಬಾಗಿಲಿಂದ ಬಂದರು. ಕೋಣೆ ತೋರಿಸಿ ಬೀಗದ ಕೈ ಕೊಟ್ಟೆ. ಆ ದಿನ ಕೆಲಸ ಹೇಳಲಿಲ್ಲ. ಬೀದಿ, ಅಂಗಡಿ, ಬಸ್ ನಿಲ್ದಾಣ ತೋರಿಸಿಕೊಂಡು ಬಂದೆ, ಬಿಟ್ಟು ಹೋಗಬೇಕು ಅನ್ನಿಸಿದರೆ ದಾರಿ ಗೊತ್ತಿರಬೇಕಲ್ಲ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿಯನ್ನು ಅದೇ ವಾರ ಮಾಡಿಸಿದೆವು. ರಾತ್ರಿ ಕಾಗದ ಬರೆದೆವು. ಕೆಲಸದ ಹೊತ್ತು, ಸಂಬಳ, ಅದು ಬ್ಯಾಂಕಿಗೆ ಬೀಳುವ ತಾರೀಕು, ಭಾನುವಾರದ ರಜೆ, ಊರಿಗೆ ಹೋಗುವ ದಿನಗಳು, ಕಾಯಿಲೆ ಬಿದ್ದರೆ ಸಂಬಳ ಹಿಡಿಯುವುದಿಲ್ಲ ಅನ್ನೋದು, ಕೆಲಸ ಬಿಡಿಸುವುದಾದರೆ ನಾವು ಒಂದು ತಿಂಗಳ ಮುಂಚೆ ಹೇಳಬೇಕು ಅನ್ನೋದು. ಎರಡು ಪ್ರತಿ ಮಾಡಿದೆವು. ಅಕ್ಕನಿಗೆ ಓದು ಅಷ್ಟಾಗಿ ಬರುವುದಿಲ್ಲ. ನಾನೇ ಓದಿ ಹೇಳಲು ಹೊರಟೆ. 'ಇರ್ಲಿ, ನಮ್ಮುಡ್ಗ ಬಂದಾಗ ಓದುಸ್ಕತೀನಿ, ಆಮ್ಯಾಕೆ ರುಜು ಹಾಕ್ತೀನಿ' ಅಂದರು. ಅವರ ಮಗ ಬಂದದ್ದು ಒಂಬತ್ತು ದಿನದ ಮೇಲೆ. ಅಲ್ಲಿಯವರೆಗೆ ಕಾಗದ ಅವರ ಟ್ರಂಕಿನಲ್ಲಿ, ಬೀಗದೊಳಗೆ ಇತ್ತು.